ಮಡಿಯಲ್ಲಿದ್ದಾಗ ಬಂದ ಫೋನು

ಕಲಬುರಗಿಯ ಬ್ರಹ್ಮಪುರದ ಆ ಗಲ್ಲಿಗೆ ಮೊದಲು ಫೋನು ಬಂದದ್ದು ಇಂದೂಬಾಯಿಯ ಮನೆಗೆ, ಎಂಬತ್ತಾರನೆಯ ಇಸವಿಯಲ್ಲಿ. ಅದಕ್ಕಾಗಿ ಅವರೇನೂ ಹರಕೆ ಹೊತ್ತಿರಲಿಲ್ಲ. ಗಂಡ ಪಾಂಡುರಂಗರಾಯರು ನೀರು ಸರಬರಾಜಿನ ಕಚೇರಿಯಲ್ಲಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಪಂಪು ಕೆಟ್ಟರೆ ಕರೆಯಲು ಬೇಕೆಂದು ಕಚೇರಿಯವರೇ ತಂತಿ ಎಳೆಸಿ, ಕರಿ ಬಣ್ಣದ ಆ ಭಾರದ ಯಂತ್ರವನ್ನು ಪಡಸಾಲೆಯ ಗೂಡಿನಲ್ಲಿ ಕೂಡಿಸಿ ಹೋದರು. ಪಂಪು ಕೆಟ್ಟದ್ದು ಅಪರೂಪ. ಫೋನು ಬಡಿದುಕೊಂಡದ್ದು ಮಾತ್ರ ಮೂರು ಹೊತ್ತೂ, ಅದೂ ಗಲ್ಲಿಯ ಮಂದಿಯ ಸಲುವಾಗಿ.

ಯಾರೂ ಅಪ್ಪಣೆ ಕೇಳಲಿಲ್ಲ. ಅಪ್ಪಣೆ ಕೇಳುವುದು ಬೇಗಾನೆ ಮಂದಿಯ, ಹೊರಗಿನವರ ಲಕ್ಷಣ ಎಂದು ಆ ಗಲ್ಲಿಯಲ್ಲಿ ನಂಬಿಕೆ. ಲಗ್ನಪತ್ರಿಕೆಗಳ ಮೇಲೆ, ಅಂಗಡಿಯ ಬೋರ್ಡುಗಳ ಮೇಲೆ ಇಂದೂಬಾಯಿಯ ಮನೆಯ ನಂಬರು ರಾಜಾರೋಷವಾಗಿ ಕಾಣಿಸಿಕೊಳ್ಳತೊಡಗಿತು. ಮುಂದೆ 'ಪಿ.ಪಿ.' ಎಂದು ಎರಡಕ್ಷರ. ನಂಬರು ನಮ್ಮದಲ್ಲ, ನೆರೆಯವರದು, ಅವರು ಕರೆದು ಕೊಡುತ್ತಾರೆ ಎಂದು ಅದರ ಅರ್ಥ. ಕರೆದು ಕೊಡುವುದೆಂದರೆ ಸುಮ್ಮನೆಯೇ? ಉಂಡ ಕೈ ತೊಳೆಯದೆ ಬಾಗಿಲಿಗೆ ಓಡಿ, ಗಲ್ಲಿಯ ಆ ತುದಿಗೆ ಮುಟ್ಟುವಂತೆ ಕೂಗಬೇಕು. ಇಂದೂಬಾಯಿಯ ಕಂಠ ಆ ವರ್ಷಗಳಲ್ಲಿ ಚೆನ್ನಾಗಿ ಪಳಗಿತು.

ಒಂದೇ ತೊಡಕು. ಇಂದೂಬಾಯಿಗೆ ಮಡಿ. ಬೆಳಿಗ್ಗೆ ತಲೆಯ ಮೇಲೆ ನೀರು ಹಾಕಿಕೊಂಡು, ಯಾರೂ ಮುಟ್ಟದ ಸೀರೆ ಉಟ್ಟು ಒಲೆಯ ಮುಂದೆ ನಿಂತರೆ, ದೇವರಿಗೆ ನೈವೇದ್ಯ ಆಗುವತನಕ ಮತ್ತೊಬ್ಬರನ್ನು ಮುಟ್ಟುವ ಹಾಗಿಲ್ಲ. ಹತ್ತು ಮಂದಿಯ ಕೈಯಲ್ಲಿ ಆಡಿದ ಫೋನನ್ನಂತೂ ಮುಟ್ಟಲೇಬಾರದು. ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಅಡುಗೆ. ಆ ಹಾಳು ಯಂತ್ರಕ್ಕೋ ಸರಿಯಾಗಿ ಮಡಿಯ ಹೊತ್ತೇ ಮುಹೂರ್ತ. ಅದು ಬಾಯಿ ಮಾಡತೊಡಗಿದ ಕೂಡಲೇ ಇಂದೂಬಾಯಿ ಅಡುಗೆಮನೆಯಿಂದ ಕೂಗುತ್ತಿದ್ದರು: "ಯಾರಿದ್ದೀರಿ, ಎತ್ರೀ."

ಯಾರಾದರೂ ಇದ್ದೇ ಇರುತ್ತಿದ್ದರು. ಪಕ್ಕದ ಮನೆಯ ಪಾರ್ವತೀಬಾಯಿ ಅಕ್ಕಿ ಆರಿಸುವ ಮೊರವನ್ನು ಕಂಕುಳಲ್ಲಿಟ್ಟುಕೊಂಡೇ ಓಡಿ ಬರುವರು. ಬಾಡಿಗೆಯ ಆಟೋ ಓಡಿಸುವ ಮೈಬೂಬ ಚಪ್ಪಲಿಯನ್ನು ಹೊಸ್ತಿಲಾಚೆ ಚಿಮ್ಮಿ ಬಂದು "ಹಲೋ, ಬಾಯಾರು ಮಡಿಯಾಗ ಅದಾರ, ಏನ್ ಹೇಳ್ಬೇಕ್ ಹೇಳ್ರಿ" ಎಂದು ತಾನೇ ವಿಚಾರಿಸಿಕೊಳ್ಳುವನು. ಹಗಲಿಡೀ ಬಾಗಿಲು ಹಾಕುವ ಮಾತೇ ಇರಲಿಲ್ಲ. ಗಲ್ಲಿಗೆ ಆ ಫೋನು ಎಷ್ಟು ಬೇಕಿತ್ತೋ, ಆ ಫೋನಿಗೆ ಗಲ್ಲಿ ಅಷ್ಟೇ ಬೇಕಿತ್ತು.

ಇಂದೂಬಾಯಿಗೆ ಬೆರಗೆನಿಸುತ್ತಿದ್ದದ್ದು ಯಂತ್ರವಲ್ಲ, ಅದನ್ನು ಕಿವಿಗೆ ಹಿಡಿದವರ ಮುಖ. ತಮ್ಮ ಪಡಸಾಲೆಯಲ್ಲಿ ನಿಂತೇ ಒಬ್ಬಳು ಅಜ್ಜಿಯಾದಳು, ಒಬ್ಬ ನೌಕರಿ ಹಿಡಿದ, ಒಬ್ಬರು ತಂದೆಯನ್ನು ಕಳೆದುಕೊಂಡು ಗೋಡೆಗೆ ಒರಗಿದರು. ಸುದ್ದಿ ಕಿವಿಯಿಂದ ಕಣ್ಣಿಗೆ ಬರುವ ಆ ಒಂದು ಗಳಿಗೆಯನ್ನು ಇಂದೂಬಾಯಿ ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತಿತ್ತು. ದೇವರು ಇಷ್ಟೆಲ್ಲವನ್ನೂ ನನ್ನ ಮನೆಯ ಗೂಡಿನೊಳಗಿಂದ ಯಾಕೆ ಹಾಯಿಸುತ್ತಾನೆ ಎಂದು ಅವರು ಕೈ ಮುಗಿಯುತ್ತಿದ್ದರು.

ಗಲ್ಲಿಯ ಕೊನೆಯ ಕೋಣೆಯಲ್ಲಿ ಯಮನಮ್ಮ ಎಂಬವಳು ಬಾಡಿಗೆಗಿದ್ದಳು. ಕಮಲಾಪುರದವಳು. ಗಂಡ ಚಂದ್ರಶಾ ಗಾರೆ ಕೆಲಸಕ್ಕೆ ಹೋದರೆ, ಇವಳು ಖಾನಾವಳಿಗಳಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಇವಳ ತಾಯಿ ದುಂಡಮ್ಮ ಕಮಲಾಪುರದಲ್ಲೇ ಕೆಂಪು ಬಾಳೆಯ ತೋಟ ನೋಡಿಕೊಂಡಿದ್ದಳು. ಪ್ರತಿ ಅಮಾವಾಸ್ಯೆಯ ಸಂಜೆ ದುಂಡಮ್ಮ ಅಲ್ಲಿಯ ಕರೀಂಸಾಬನ ಬೀಜದಂಗಡಿಗೆ ಬಂದು ಇಂದೂಬಾಯಿಯ ಮನೆಗೆ ಫೋನು ಮಾಡಿಸುವಳು. ಮೊದಲ ಸಲ ಯಮನಮ್ಮ ತಲೆಯ ಮೇಲೆ ಸೆರಗು ಹೊದ್ದು, ಎರಡೂ ಕೈಯಲ್ಲಿ ಆರತಿ ಹಿಡಿದ ಹಾಗೆ ಫೋನು ಹಿಡಿದು ಕೂಗಿದ ಕೂಗಿಗೆ ಫೋನಿನ ಅಗತ್ಯವೇ ಇರಲಿಲ್ಲ. ಕಮಲಾಪುರಕ್ಕೆ ನೇರವಾಗಿ ಕೇಳಿಸುತ್ತಿತ್ತು.

ಬರಬರುತ್ತ ಯಮನಮ್ಮನಿಗೆ ಸಂಜೆಯ ಕೆಲಸ ಹೆಚ್ಚಾಯಿತು. ಅಮಾವಾಸ್ಯೆಯ ಫೋನು ಬಂದಾಗ ಅವಳು ಮನೆಯಲ್ಲಿರುತ್ತಿರಲಿಲ್ಲ. ಇಂದೂಬಾಯಿಯೇ ಎತ್ತಿ ಹೇಳುವರು.

"ಆರಾಮ ಅದಾಳ್ರೀ ನಿಮ್ಮ ಮಗಳು. ಮುಂಜಾನೆ ಮಾತಾಡ್ಸಿ ಹೋದ್ಲು."

"ಉಂಡಾಳೇನ್ರೀ?"

"ಉಂಡಾಳ."

"ನೀವು ಉಂಡೀರೇನ್ರೀ ಬಾಯಾರಾ?"

ಆ ಕಡೆಯ ಪ್ರಶ್ನೆ ಇಂದೂಬಾಯಿಯನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತಿತ್ತು. ಒಮ್ಮೆ ಅವರು ಎರಡು ಮಾತಾಡುವಷ್ಟರಲ್ಲಿ ದುಂಡಮ್ಮ ನಡುವೆ ಬಾಯಿ ಹಾಕಿ, "ದನಿ ಯಾಕ ಹಿಂಗ ಇಳಿದದ? ಜ್ವರ ಬಂದಾವೇನ್ರೀ ನಿಮಗ?" ಎಂದಳು. ಬಂದಿತ್ತು. ಮನೆಯಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ತಾಯಿ ಭಾಗೀರಥಿಬಾಯಿ ತೀರಿಕೊಂಡ ಮೇಲೆ ಹಾಗೆ ಕೇಳಿದವರು ಇನ್ನೊಬ್ಬರಿಲ್ಲ. ಫೋನಿಟ್ಟು ಇಂದೂಬಾಯಿ ಗೂಡಿನ ಮುಂದೆ ನಿಂತು ಸ್ವಲ್ಪ ಹೊತ್ತು ಅತ್ತರು. ಕಮಲಾಪುರವೇನು ದೂರದ ಊರಲ್ಲ. ಬಸ್ಸು ಹತ್ತಿದರೆ ಮಾತಾಡುತ್ತಲೇ ಮುಟ್ಟಬಹುದು. ಆದರೆ ಯಾವ ನೆಪ ಹೇಳಿ ಹೋಗುವುದು? ಇಷ್ಟು ವರ್ಷ ಮಾತಾಡಿದರೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಮುಂದೆ ಎಲ್ಲರಿಗೂ ಒಳ್ಳೆಯದಾಯಿತು. ಇದರಲ್ಲಿ ಯಾರನ್ನೂ ಬೈಯುವ ಹಾಗಿಲ್ಲ, ಅದೇ ದೊಡ್ಡ ಕಷ್ಟ. ಪಾಂಡುರಂಗರಾಯರ ಪಗಾರ ಅವರೇ ನಂಬದಷ್ಟು ಏರಿತು. ಪಾರ್ವತೀಬಾಯಿಯ ಮನೆಯ ಮೇಲೆ ಇನ್ನೊಂದು ಅಂತಸ್ತು ಎದ್ದಿತು. ಮೈಬೂಬ ಸ್ವಂತ ಆಟೋ ತೆಗೆದುಕೊಂಡು ಅದರ ಹಣೆಗೆ ಹೂವಿನ ಸರ ಕಟ್ಟಿದ. ಯಮನಮ್ಮನ ಪ್ರಗತಿಯಂತೂ ಕಣ್ಣು ಕುಕ್ಕುವಂಥದ್ದು: ಅದೇ ಊರಿನ ಗಾಜಿಪುರ ಓಣಿಯಲ್ಲಿ ಸ್ವಂತ ಮನೆ ಮಾಡಿ, ಕೈಕೆಳಗೆ ಹೆಂಗಸರನ್ನಿಟ್ಟುಕೊಂಡು, ಲಗ್ನದ ಮನೆಗಳಿಗೆ ಬುಟ್ಟಿಗಟ್ಟಲೆ ಖಡಕ್ ರೊಟ್ಟಿ ಕಳಿಸತೊಡಗಿದಳು. ಅವಳಿಗೂ ಫೋನು ಬಂತು. ಆ ದಿನ ಇಂದೂಬಾಯಿ ಗಲ್ಲಿಗೆಲ್ಲ ಪೇಢೆ ಹಂಚಿದರು, ತಮ್ಮ ಮಗಳೇ ಪಾಸಾದ ಹಾಗೆ.

ಪೇಢೆ ಹಂಚುವಾಗ ಹೊಳೆಯಲಿಲ್ಲ. ಒಂದೊಂದು ಮನೆಗೆ ಫೋನು ಬಂದ ಹಾಗೆ ಒಂದೊಂದು ಮನೆಯ ಕಾಲು ಇವರ ಹೊಸ್ತಿಲು ಬಿಟ್ಟಿತು. ಕೂಲರುಗಳು ಬಂದವು, ಗಾಳಿ ಹೊರಗೆ ಹೋಗಬಾರದೆಂದು ಬಾಗಿಲುಗಳು ಮುಚ್ಚಿದವು. ಅಮಾವಾಸ್ಯೆಯ ಫೋನೂ ನಿಂತಿತು. ಮಗಳ ಮನೆಯಲ್ಲೇ ಫೋನಿರುವಾಗ ದುಂಡಮ್ಮ ಇಲ್ಲಿಗೆ ಯಾಕೆ ಮಾಡಿಯಾಳು? ಮನೆಯಲ್ಲಿ ಫ್ರಿಜ್ಜು, ಸೋಫಾ, ಬಣ್ಣದ ಟಿ.ವಿ. ಎಲ್ಲ ಬಂದು ಕೂತವು. ಮಾತಾಡುವ ಜೀವ ಮಾತ್ರ ಬರಲಿಲ್ಲ.

"ಎಲ್ಲಾ ಅದಲ್ಲ ಈಗ. ಮತ್ತ ಯಾಕ ಮಾರಿ ಸಣ್ಣದು ಮಾಡ್ಕೊಂಡು ಕೂಡ್ತಿ?" ಎಂದರು ಪಾಂಡುರಂಗರಾಯರು ಒಂದು ದಿನ. ಅವರಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ.

"ಯಾರೂ ಬರವಲ್ರು."

"ಅವ್ರು ಬರ್ತಿದ್ದದ್ದು ಫೋನಿಗೆ ಇಂದೂ. ನಿನಗಲ್ಲ."

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ, ಲೆಕ್ಕದ ಮಾತು. ಆದರೆ ಇಂದೂಬಾಯಿಯ ಎದೆಯಲ್ಲಿ ಅದು ಮುಳ್ಳಾಗಿ ಕೂತಿತು. ಇರಬಹುದೇ? ಇಷ್ಟು ವರ್ಷ ನಾನು ಗೂಡಿನ ಪಕ್ಕದ ಗೋಡೆಯಾಗಿದ್ದೆನೇ? ಯಾರನ್ನು ಕೇಳಿ ತಿಳಿದುಕೊಳ್ಳುವುದು ಇದನ್ನು?

ಎರಡು ಸಾವಿರದನೆಯ ಇಸವಿಯ ಬೇಸಿಗೆಗೆ ಊರಾಚೆಯ ಹೊಸ ಬಡಾವಣೆಯಲ್ಲಿ ರಾಯರ ಮನೆ ಎದ್ದು ನಿಂತಿತು. ಮುಂದಿನ ವಾರ ಪ್ರವೇಶ. ಅಲ್ಲಿಗೆ ಬೇರೆ ಫೋನು, ಬೇರೆ ನಂಬರು. ಹಳೆಯದನ್ನು ತಿರುಗಿಸಿ ಕೊಡಬೇಕೆಂದು ರಾಯರು ಅರ್ಜಿ ಬರೆದಿಟ್ಟಿದ್ದರು. ಇಂದೂಬಾಯಿ ಬೇಡವೆನ್ನಲಿಲ್ಲ. ಬೇಡವೆನ್ನಲು ಅವರ ಬಳಿ ಕಾರಣವಿರಲಿಲ್ಲ.

ಅದು ಅಕ್ಷಯ ತದಿಗೆಯ ದಿನ. ಕಲಬುರಗಿಯ ಬಿಸಿಲು ಹನ್ನೊಂದಕ್ಕೇ ಕಾದ ಹಂಚಾಗಿತ್ತು. ರಾಯರು ಹೊಸ ಮನೆಗೆ ಸುಣ್ಣ ಬಳಿಸಲು ಹೋಗಿದ್ದರು. ಇಂದೂಬಾಯಿ ಮಡಿಯುಟ್ಟು, ಹೂರಣ ರುಬ್ಬಿ, ಹೋಳಿಗೆಗೆ ಕೈ ಹಚ್ಚಿದ್ದರು. ಆಗ ಫೋನು ಬಡಿದುಕೊಂಡಿತು.

"ಯಾರಿದ್ದೀರಿ, ಎತ್ರೀ" ಎಂದು ಬಾಯಿ ತಾನಾಗಿ ಕೂಗಿತು. ಗಲ್ಲಿಯಲ್ಲಿ ಕೂಲರುಗಳ ಗುಂಯ್ ಸದ್ದು ಬಿಟ್ಟರೆ ಉತ್ತರವಿಲ್ಲ. ಫೋನು ಬಡಿದು ಬಡಿದು ನಿಂತಿತು. ಇಂದೂಬಾಯಿ ಹೋಳಿಗೆ ತಿರುವಿ ಹಾಕಿದರು. ಮತ್ತೆ ಶುರುವಾಯಿತು. ರಾಯರದಾದರೆ ಒಂದು ಸಲಕ್ಕೆ ಬಿಡುತ್ತಿದ್ದರು. ಈ ಹೊತ್ತಿಗೆ ಮಡಿ ಎಂದು ಗೊತ್ತಿದ್ದೂ ಹೀಗೆ ಹಟ ಹಿಡಿಯುವವರು ಯಾರು? ನಿಂತಿತು, ಮತ್ತೆ ಬಡಿದುಕೊಂಡಿತು. ಅದರ ದನಿಯಲ್ಲಿ ಏನೋ ಅಳು ಇದ್ದ ಹಾಗೆ ಅನ್ನಿಸಿ ಇಂದೂಬಾಯಿಯ ಕೈ ನಿಂತುಹೋಯಿತು. ದೇವರ ಕಡೆ ತಿರುಗಿ, "ನೋಡಪ್ಪ, ನಿನಗ ಸ್ವಲ್ಪ ತಡ ಆಗ್ತದ" ಎಂದು ಹೇಳಿ ಒಲೆ ಆರಿಸಿ, ಹೋಗಿ ಫೋನೆತ್ತಿದರು. ನಲವತ್ತು ವರ್ಷದ ಮಡಿ ಅದು, ಬುದ್ಧಿಪೂರ್ವಕವಾಗಿ ಎಂದೂ ಮುರಿದವರಲ್ಲ.

"ಬಾಯಾರಾ... ನಾನ್ರೀ, ಕಮಲಾಪುರದ ದುಂಡಮ್ಮ."

ಎರಡು ವರ್ಷದ ಮೇಲೆ ಕೇಳಿದ ದನಿ. ಇಂದೂಬಾಯಿ ಫೋನನ್ನು ಕಿವಿಗೆ ಒತ್ತಿ ಹಿಡಿದರು. "ಎಲ್ಲಿಂದ ಮಾತಾಡ್ಲಿಕ್ಹತ್ತೀರಿ?"

"ನಿಮ್ಮೂರಿಗೇ ಬಂದೀನ್ರೀ. ಯಾವ ದಿಕ್ಕಿಗಿ ಹೋಗ್ಬೇಕೋ ತಿಳಿವಲ್ದು. ಡಬ್ಬಿ ಫೋನಿನಾಗ ರೂಪಾಯಿ ಹಾಕಿ ಕೊಟ್ಟ ಹುಡುಗ ಹ್ವಾದ. ಬಿಸಲು ಭಾಳ ಅದ್ರೀ, ಕಣ್ಣಿಗಿ ಕತ್ತಲಿ ಬರಾಕತ್ತದ..." ಹಿಂದಿನಿಂದ ಮೈಕಿನಲ್ಲಿ ಯಾರೋ ಸೀರೆ ಸೇಲಿನ ಬಗ್ಗೆ ಕನ್ನಡ, ಉರ್ದು ಕಲಸಿ ಅರಚುತ್ತಿದ್ದ. ಅಷ್ಟರಲ್ಲಿ ರೂಪಾಯಿಯ ಹೊತ್ತು ಮುಗಿದು ಫೋನು ಕಡಿದುಹೋಯಿತು.

ಇಂದೂಬಾಯಿ ಗಾಜಿಪುರಕ್ಕೆ, ಯಮನಮ್ಮನ ಮನೆಗೆ ಮಾಡಿದರು. ಬಡಿದದ್ದೇ ಬಂತು, ಎತ್ತುವವರಿಲ್ಲ. ಲಗ್ನದ ದಿನಗಳು, ಎಲ್ಲಿಯೋ ರೊಟ್ಟಿ ಮುಟ್ಟಿಸಲು ಹೋಗಿರಬೇಕು. ಕಾದು ನೋಡಿದರು, ದುಂಡಮ್ಮನ ಫೋನು ಮತ್ತೆ ಬರಲಿಲ್ಲ. ವಯಸ್ಸಾದ ಜೀವ, ಗೊತ್ತಿಲ್ಲದ ಊರು, ಈ ಬಿಸಿಲು. ಹಿಂದಿನ ವಾರವಷ್ಟೇ ಬಿಸಿಲು ಬಡಿದು ಬಿದ್ದವರ ಸುದ್ದಿ ಕೇಳಿದ್ದರು. ಮಡಿಸೀರೆಯಲ್ಲೇ, ಬರಿಗಾಲಲ್ಲೇ ಅಂಗಳ ದಾಟಿ ಪಾರ್ವತೀಬಾಯಿಯ ಬಾಗಿಲು ಬಡಿದರು. ಆ ಬಾಗಿಲನ್ನು ಹಿಂದೆ ಎಂದೂ ಬಡಿದಿರಲಿಲ್ಲ. ತೆರೆದೇ ಇರುತ್ತಿತ್ತು.

ಪಾರ್ವತೀಬಾಯಿ ಬಾಗಿಲು ತೆಗೆದವರು ಇವರ ಉಡುಗೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. "ಮಡಿಯಾಗ ಹೊರಗ ಬಂದೀರಲ್ರೀ ಇಂದೂಬಾಯಿ. ಏನಾತು?"

"ಯಮನವ್ವನ ತಾಯಿ ಊರಾಗ ತಪ್ಪಿಸಿಕೊಂಡಾರ. ಫೋನ್ ಮಾಡಿದ್ರು, ಕಟ್ ಆತು. ಸೀರಿ ಸೇಲಿನ ಮೈಕ್ ಕೇಳಿಸ್ತು."

"ಸೂಪರ್ ಮಾರ್ಕೆಟ್ ಪ್ಯಾಟಿನೇ ಇರ್ಬೇಕು. ನಮ್ಮ ತಮ್ಮನ ಅರಿವಿ ಅಂಗಡಿ ಅಲ್ಲೇ ಅದಲ್ಲ, ತಡೀರಿ" ಎಂದು ಪಾರ್ವತೀಬಾಯಿ ಒಳಗೆ ಓಡಿದರು. ಮೊರ ಒಂದಿರಲಿಲ್ಲ ಕಂಕುಳಲ್ಲಿ, ಓಟ ಅದೇ. ತಮ್ಮನಿಗೆ ಹೇಳಿದರು, ಆಮೇಲೆ ಎದುರು ಮನೆಗೆ ಮಾಡಿದರು. ಎದುರು ಮನೆಯವರು ಮೈಬೂಬ ನಿಲ್ಲುವ ಸ್ಟ್ಯಾಂಡಿನ ಪಕ್ಕದ ಕಿರಾಣಿಗೆ ಮಾಡಿದರು. ಮೈಬೂಬ ಚಹಾ ಬಿಟ್ಟು ಎದ್ದನಂತೆ, ತನ್ನ ಜೊತೆಗಾರರನ್ನೆಲ್ಲ ಎಬ್ಬಿಸಿದನಂತೆ. ಒಬ್ಬರು ಬಸ್ ಸ್ಟ್ಯಾಂಡಿನ ಹೋಟೆಲಿಗೆ, ಒಬ್ಬರು ಯಮನಮ್ಮ ರೊಟ್ಟಿ ಕೊಡುವ ಖಾನಾವಳಿಗೆ, ಇನ್ನೊಬ್ಬರು ಕಮಲಾಪುರದ ಕರೀಂಸಾಬನಿಗೆ ಫೋನು ಹಚ್ಚಿದರು. ಮುಚ್ಚಿದ ಬಾಗಿಲುಗಳು ಒಂದೊಂದಾಗಿ ತೆರೆದವು, ಕೂಲರುಗಳು ನಿಂತವು, ಹಳೆಯ ಮಂದಿಯೆಲ್ಲ ಹೊಸ್ತಿಲಿಗೆ ಬಂದರು.

ಇಂದೂಬಾಯಿ ಗಲ್ಲಿಯ ನಟ್ಟನಡುವೆ ನಿಂತಿದ್ದರು. ಪಾದ ಸುಡುತ್ತಿದ್ದದ್ದು ಗೊತ್ತಾಗುತ್ತಿರಲಿಲ್ಲ. ಎಡಗಡೆಯ ಮನೆಯಲ್ಲಿ ಫೋನು ಬಡಿಯಿತು, ಅದು ನಿಂತಿತೋ ಇಲ್ಲವೋ ಮೂಲೆಯ ಮನೆಯಲ್ಲಿ ಬಡಿಯಿತು, ಆಮೇಲೆ ಮಾಳಿಗೆಯ ಮೇಲೆ, ಆಮೇಲೆ ಹಿಂದಿನ ಓಣಿಯಲ್ಲಿ. ಗಲ್ಲಿಗೆ ಗಲ್ಲಿಯೇ ದೇವಸ್ಥಾನದ ಹಾಗೆ ಗಂಟೆ ಬಾರಿಸುತ್ತಿತ್ತು, ಮತ್ತು ಎಲ್ಲ ಬಾಯಲ್ಲೂ ಒಂದೇ ಪ್ರಶ್ನೆ: ಸಿಕ್ಕಳೇನು? ತಾವು ಇಷ್ಟು ದಿನ ಶಪಿಸಿದ್ದ ಆ ಫೋನುಗಳೇ, ತಮ್ಮ ಮನೆಗೆ ಬರುವ ಕಾಲುಗಳನ್ನು ಕಡಿದವುಗಳೇ, ಈಗ ಒಬ್ಬ ಮುದುಕಿಗಾಗಿ ಊರನ್ನು ಜಾಲಾಡುತ್ತಿದ್ದವು. ಇಷ್ಟು ದೊಡ್ಡದೇನು ನನ್ನ ಗಲ್ಲಿ ಎಂದುಕೊಂಡರು ಇಂದೂಬಾಯಿ.

ಒಂದು ತಾಸು ಹೋಯಿತು. ಸೇಲಿನ ಮೈಕಿನ ಹತ್ತಿರ ಅಂಥ ಮುದುಕಿ ಇಲ್ಲವೆಂದು ಸುದ್ದಿ ಬಂತು. ಯಮನಮ್ಮ ಯಾವುದೋ ಲಗ್ನದ ಮಂಟಪದಲ್ಲಿ ಸಿಕ್ಕಿ, ಹಿಟ್ಟಿನ ಕೈಯಲ್ಲೇ ಓಡಿ ಬಂದು ಇಂದೂಬಾಯಿಯ ಕಟ್ಟೆಯ ಮೇಲೆ ಕುಸಿದಳು. ಪಾಂಡುರಂಗರಾಯರೂ ಯಾರೋ ಹೇಳಿ ಕಳಿಸಿದ್ದಕ್ಕೆ ಸುಣ್ಣದ ಕಲೆಗಳೊಂದಿಗೆ ಬಂದು, ತಮ್ಮ ಮನೆಯ ಮುಂದೆ ನೆರೆದ ಜಾತ್ರೆಯಂಥ ಮಂದಿಯನ್ನು ಕಂಡು ಕಕ್ಕಾಬಿಕ್ಕಿಯಾದರು. ಯಾರೂ ಅವರಿಗೆ ದಾರಿ ಬಿಡಲಿಲ್ಲ.

ಆಗ ಮೈಬೂಬನ ಆಟೋ ಗಲ್ಲಿಯೊಳಗೆ ತಿರುಗಿತು. ಹಿಂದಿನ ಸೀಟಿನಲ್ಲಿ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡ ಕುಳ್ಳನೆಯ ಮುದುಕಿ, ತೊಡೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಕೆಂಪು ಬಾಳೆಯ ಒಂದು ಚಿಪ್ಪು.

"ಸೇಲಿನಿಂದ ನಡಕೋತ ಹೋಗಿ, ಬಂಗಾರದಂಗಡಿ ಸಂದಿನಾಗ ನೆಳ್ಳಿಗಿ ಕೂತಿದ್ರು ಬಾಯಾರಾ" ಎಂದ ಮೈಬೂಬ ಬೆವರು ಒರೆಸುತ್ತ. "ಫಿಕರ್ ಮಾಡಬ್ಯಾಡ್ರಿ, ಮಜ್ಜಿಗಿ ಕುಡಿಸೀನಿ."

ಯಮನಮ್ಮ ತಾಯಿಯನ್ನು ತಬ್ಬಿಕೊಂಡಳು, ತಬ್ಬಿಕೊಂಡೇ ಬೈದಳು. "ನನ್ನ ನಂಬರು ಕರೀಂಸಾಬನ ಕೈಯಾಗ ಕೊಟ್ಟಿದ್ದೆನಲ್ಲ ಯವ್ವ. ಬರ್ತೀನಂತ ಒಂದು ಮಾತು ಹೇಳಿದ್ರ ಸ್ಟ್ಯಾಂಡಿಗೇ ಬರ್ತಿದ್ದೆ. ನನ್ನ ಮನಿ ಬಿಟ್ಟು ಇವರಿಗ್ಯಾಕ ತ್ರಾಸ ಕೊಟ್ಟಿ?"

"ನಿನ್ನ ಮನಿಗಿ ಯಾರು ಬಂದಾರ?" ಎಂದಳು ದುಂಡಮ್ಮ. ದನಿ ಸೋತಿತ್ತು, ಆದರೆ ಮಾತು ಗಟ್ಟಿ. "ನಾ ಬಾಯಾರ ಮನಿಗಿ ಬಂದೀನಿ. ನನ್ನ ಬಾಯಾಗ ಇರೂದು ಇವರದೊಂದೇ ನಂಬರು. ಬಾಯಾರು ಮನಿ ಬದಲ ಮಾಡಾಕತ್ಯಾರ, ಆ ನಂಬರು ಇನ್ನ ಇರೂದಿಲ್ಲಂತ ನೀನೇ ಹೇಳಿದಿ. ನಿನಗ ಫೋನ್ ಬಂದ ಮ್ಯಾಲ ಬಾಯಾರ ಕೂಡ ಮಾತಾಡಾಕ ನನಗೊಂದು ನೆವ ಇಲ್ದಂಗಾಗ್ಯಾದ. ಈಗ ದನೀನೂ ಹೊಂಟ್ಹೋಗ್ತದಂದ್ರ ಹ್ಯಾಂಗ? ಅದಕ್ಕ ಮಾರಿಯಾದ್ರೂ ಒಮ್ಮೆ ನೋಡಿ ಹೋಗಾಮಂತ ಬಂದೆ."

ಪಾಂಡುರಂಗರಾಯರು ತಮ್ಮ ಅಂಗೈಯ ಸುಣ್ಣವನ್ನು ನೋಡಿಕೊಂಡರು. ಇಂದೂಬಾಯಿಗೆ ಏನಾಯಿತೆಂದು ಹೇಳುವುದು ಕಷ್ಟ. ನೆಪವಿಲ್ಲದೆ ಬಿದ್ದಿದ್ದ ತಮ್ಮಂತೆಯೇ ಆ ಊರಲ್ಲೂ ಒಬ್ಬಳು ನೆಪವಿಲ್ಲದೆ ಒದ್ದಾಡಿದ್ದಳು, ಕೊನೆಗೆ ಬಿಸಿಲಿಗೆ ಅಂಜದೆ ಎದ್ದು ಬಂದಿದ್ದಳು. ಎದೆಯ ಮುಳ್ಳು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

ದುಂಡಮ್ಮ ಜನರ ನಡುವೆ ಕಣ್ಣಾಡಿಸಿ, "ಯಾರು ಬಾಯಾರು?" ಎಂದಳು.

"ನಾನ್ರೀ" ಎಂದರು ಇಂದೂಬಾಯಿ.

ದನಿ ಕೇಳಿದ ಕೂಡಲೇ ಮುದುಕಿಯ ಮುಖ ಅರಳಿತು. ಎರಡೂ ಕೈ ಮುಂದೆ ಚಾಚಿ ಬಂದವಳು, ಮಡಿಸೀರೆ ಕಂಡು ತಟ್ಟನೆ ಒಂದು ಮಾರು ಈಚೆಗೇ ನಿಂತಳು. ಮುಂಜಾನೆಯ ಮಡಿಯ ಪೇಚಾಟವನ್ನು ಬಾಯಾರೇ ಎಷ್ಟೋ ಸಲ ಫೋನಿನಲ್ಲಿ ಹೇಳಿದ್ದರಲ್ಲ. ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು, ಮೆಲ್ಲಗೆ ಕೇಳಿದಳು, "ಮಡಿ ಅದೀರೇನ್ರೀ?"

"ಇಲ್ರೀ. ನಿಮ್ಮ ಫೋನ್ ಎತ್ತಿದಾಗೇ ಹೋತು ಅದು" ಎಂದು ಇಂದೂಬಾಯಿ ಮುಂದೆ ಬಂದು, ಆ ಕುಳ್ಳನೆಯ ಮುದುಕಿಗೆ ಎಟುಕುವಂತೆ ತಲೆ ಬಗ್ಗಿಸಿ ನಿಂತರು.

ಬಾಳೆಯ ತೋಟದಲ್ಲಿ ಒರಟಾದ ಎರಡು ಕೈ ಅವರ ಕೆನ್ನೆ ಸವರಿದವು, ಹಣೆ ಸವರಿದವು, ದೃಷ್ಟಿ ತೆಗೆದು ಲಟಲಟ ಲಟಿಕೆ ಮುರಿದವು. "ದನಿ ಹ್ಯಾಂಗಿತ್ತೋ ಮಾರಿ ಹಂಗೇ ಅದ" ಎಂದು ದುಂಡಮ್ಮ ಯಾರಿಗೋ ಸಾಕ್ಷಿ ಹೇಳುವಂತೆ ಹೇಳಿದಳು. "ಯಾಕ ಸೊರಗೀರಿ? ಉಂಡೀರೇನ್ರೀ?"

ಒಳಗೆ ಗೂಡಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಕರೀಂಸಾಬನೋ, ಖಾನಾವಳಿಯವನೋ, ಯಾರೋ ಸಿಕ್ಕಳೇನೆಂದು ಕೇಳಲು. ಇಂದೂಬಾಯಿ ಹೋಗುವ ಹಾಗಿರಲಿಲ್ಲ. ಅವರ ಮುಖ ದುಂಡಮ್ಮನ ಕೈಯಲ್ಲಿತ್ತು. ಅಲ್ಲಿಂದಲೇ, ಹಿಂದಿನಂತೆಯೇ, "ಯಾರಿದ್ದೀರಿ, ಎತ್ರೀ" ಎಂದು ಕೂಗಿದರು.

ಗಲ್ಲಿಯ ಮಂದಿಯನ್ನೆಲ್ಲ ಸರಿಸಿಕೊಂಡು ಮೊದಲು ಓಡಿದವರು ಪಾಂಡುರಂಗರಾಯರು.